ದೀಪ, ನೀರು, ಚರಂಡಿ: ನಮ್ಮ ದಂಡು ಪ್ರದೇಶದ ಪುರಸಭೆಯ ನಿತ್ಯ ವ್ಯವಹಾರ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮನ್ನು ನಡೆಸಿದ ಗುರುಗಳನ್ನೂ ಗೋಪುರ ಕಟ್ಟಲು ದುಡಿದ ಕೈಗಳನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ. ಆ ಕಾರ್ಯವನ್ನು ಈ ಸಂಚಿಕೆಯ ಇತರ ಲೇಖನಗಳು ಮಾಡಿವೆ. ನಾವು ಇಲ್ಲಿ ಅರಿಯಲು ಯತ್ನಿಸುವ ವಿಷಯ ಬೇರೆ. ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳುತ್ತಿದ್ದ ನಮ್ಮ ಹಿರಿಯರು ಯಾವ ಬೀದಿಗಳಲ್ಲಿ ನಡೆದರು? ಸಂಜೆಯ ಹೊತ್ತು ಆ ಬೀದಿಗಳಲ್ಲಿ ದೀಪ ಹಚ್ಚುತ್ತಿದ್ದವರು ಯಾರು? ಅವರ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು? ರೋಗ ಬಂದಾಗ ಬಾಗಿಲು ತಟ್ಟುತ್ತಿದ್ದವರು ಯಾರು? ಈ ಪ್ರಶ್ನೆಗಳ ಉತ್ತರವೆಲ್ಲ ಸಿಗುವುದು ಬೆಂಗಳೂರು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಪುರಸಭೆಯ ಚರಿತ್ರೆಯಲ್ಲಿ.

ಒಂದು ಊರು, ಎರಡು ಆಡಳಿತ

ಶ್ರೀರಂಗಪಟ್ಟಣದ ಹವೆ ಸೈನಿಕರ ಆರೋಗ್ಯಕ್ಕೆ ಒಗ್ಗದೆ ಹೋದುದರಿಂದ ಆಂಗ್ಲರು ತಮ್ಮ ದಂಡನ್ನು 1809ರಲ್ಲಿ ಬೆಂಗಳೂರಿಗೆ ತಂದರು. ಹಲಸೂರು ಕೆರೆಯ ಆಸುಪಾಸಿನಲ್ಲಿ ಪೆರೇಡ್ ಮೈದಾನವೂ ಬ್ಯಾರಕ್ಕುಗಳೂ ಎದ್ದವು. ದಂಡು ಬಂದ ಮೇಲೆ ಅದರ ಹಿಂದೆಯೇ ದರ್ಜಿ, ಬಡಗಿ, ಕಟುಕ, ಬೇಕರಿಯವನು, ಕುದುರೆ ನೋಡಿಕೊಳ್ಳುವವನು, ಗುತ್ತಿಗೆದಾರ, ಗುಮಾಸ್ತ ಎಲ್ಲರೂ ಬಂದರು. ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಪ್ರದೇಶದ ಸ್ವಭಾವ ಆಗಲೇ ರೂಪುಗೊಂಡಿತು.

1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪ್ರತ್ಯೇಕ ಪುರಸಭೆಗಳು ಸ್ಥಾಪನೆಗೊಂಡವು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ್ ಮನೆತನಕ್ಕೆ ಹಿಂದಿರುಗಿಸಿದಾಗ ದಂಡು ಪ್ರದೇಶವನ್ನು ಮಾತ್ರ ಆಂಗ್ಲರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಅದಕ್ಕೆ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಾಯಿತು. ಮೈಸೂರಿನ ರೆಸಿಡೆಂಟರು ಅದರ ಮೇಲಧಿಕಾರಿಗಳು. ಅವರ ಕೆಳಗೆ ಕಲೆಕ್ಟರ್ ಮತ್ತು ಜಿಲ್ಲಾ ಮ್ಯಾಜಿಸ್ಟ್ರೇಟರು. ಹೀಗೆ ಪೇಟೆಯ ನಿವಾಸಿಯು ಮಹಾರಾಜರ ಪ್ರಜೆಯಾಗಿದ್ದರೆ, ಕೆಲವೇ ಮೈಲಿ ದೂರದ ಬ್ಲಾಕ್‌ಪಳ್ಳಿಯ ನಿವಾಸಿಯು ಬೇರೊಂದು ಸರ್ಕಾರದ ಅಂಕೆಯಲ್ಲಿದ್ದನು. ಇಂದಿನ ಶಿವಾಜಿನಗರವೇ ಅಂದಿನ ಬ್ಲಾಕ್‌ಪಳ್ಳಿ. ಇತ್ತ ಕೃಷ್ಣರಾಜಪುರವು ಸ್ಟೇಷನ್ನಿನ ಎಲ್ಲೆಯಿಂದ ಹೊರಗೆ ಸಂಸ್ಥಾನಕ್ಕೆ ಸೇರಿದ ಊರಾಗಿದ್ದಿತು. ಇಂದಿರಾನಗರವಂತೂ ಆಗ ಹುಟ್ಟಿಯೇ ಇರಲಿಲ್ಲ.

ಪುರಸಭೆಯ ಆಡಳಿತಕ್ಕಾಗಿ ಸ್ಟೇಷನ್ನನ್ನು ಆರು ವಿಭಾಗಗಳಾಗಿ ಹಂಚಲಾಗಿದ್ದಿತು: ಹಲಸೂರು, ದಕ್ಷಿಣ ವಿಭಾಗ, ಪೂರ್ವ ಜನರಲ್ ಬಜಾರು, ಪಶ್ಚಿಮ ಜನರಲ್ ಬಜಾರು, ಕ್ಲೀವ್‌ಲೆಂಡ್ ಟೌನ್ ಮತ್ತು ಹೈ ಗ್ರೌಂಡ್. ಕೆಲವು ಸದಸ್ಯರನ್ನು ಸರ್ಕಾರವು ನೇಮಿಸುತ್ತಿತ್ತು, ಕೆಲವರನ್ನು ತೆರಿಗೆದಾರರು ಚುನಾಯಿಸುತ್ತಿದ್ದರು. ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಮತದಾನದ ಹಕ್ಕು ಆಸ್ತಿ ಅಥವಾ ತೆರಿಗೆಯನ್ನು ಅವಲಂಬಿಸಿದ್ದುದರಿಂದ, ಬಾಡಿಗೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದ ಕೂಲಿಯವನಿಗೂ ಬಂಗಲೆಯ ಹಿತ್ತಲಿನಲ್ಲಿ ವಾಸಿಸುತ್ತಿದ್ದ ಆಯಾಳಿಗೂ ಪುರಸಭೆಯಲ್ಲಿ ಧ್ವನಿ ಇರಲಿಲ್ಲ. ಪುರಸಭೆಯ ಪ್ರತಿಯೊಂದು ತೀರ್ಮಾನದ ಫಲವನ್ನು ಮೊದಲು ಅನುಭವಿಸುತ್ತಿದ್ದವರು ಮಾತ್ರ ಅವರೇ.

ಮೇಯೋ ಹಾಲಿನಿಂದ ಓಣಿಯವರೆಗೆ

ಅಂಡಮಾನಿನಲ್ಲಿ 1872ರಲ್ಲಿ ಹತರಾದ ವೈಸರಾಯ್ ಲಾರ್ಡ್ ಮೇಯೋ ಅವರ ಸ್ಮರಣಾರ್ಥವಾಗಿ ಕಟ್ಟಿದ ಮೇಯೋ ಹಾಲ್ 1883ರಲ್ಲಿ ಪೂರ್ಣಗೊಂಡಿತು. ಇಂದು ನಾವು ನ್ಯಾಯಾಲಯಗಳ ಕಟ್ಟಡವೆಂದು ಬಲ್ಲ ಈ ಭವನವೇ ಅಂದಿನ ಸ್ಟೇಷನ್ ಪುರಸಭೆಯ ನೆಲೆಯಾಗಿದ್ದಿತು. ಅದರ ಎತ್ತರದ ಕಿಟಕಿಗಳ ಕೆಳಗೆ ನಡೆಯುತ್ತಿದ್ದ ಚರ್ಚೆಗಳ ವಿಷಯ ಮಾತ್ರ ಅತಿ ಸಾಮಾನ್ಯವಾದುವು.

ಮೊದಲನೆಯದು ಹಣ. ಊರಿನೊಳಕ್ಕೆ ಬರುವ ಸರಕಿನ ಮೇಲಿನ ಸುಂಕ, ಮನೆ ಕಂದಾಯ, ಅಂಗಡಿ ಮತ್ತು ಗಾಡಿಗಳ ಪರವಾನಗಿ ಶುಲ್ಕ, ಮಾರುಕಟ್ಟೆಯ ಬಾಡಿಗೆ, ಇವು ಆದಾಯದ ಮೂಲಗಳು. ಎರಡು ಪುರಸಭೆಗಳೂ ಬೇರೆ ಬೇರೆಯಾಗಿ ಸುಂಕ ಎತ್ತುತ್ತಿದ್ದುದರಿಂದ ಒಂದೇ ಊರಿನ ನಡುವೆ ಗಡಿಯೊಂದು ಇದ್ದಂತಾಯಿತು. ಸುಂಕದ ಭಾರ ಕೊನೆಗೆ ಬೀಳುತ್ತಿದ್ದುದು ಕಾಸು ಕಾಸಿಗೆ ದಿನಸಿ ಕೊಳ್ಳುವವರ ಮೇಲೆಯೇ.

ಎರಡನೆಯದು ಬೆಳಕು. ವಿದ್ಯುತ್ತು ಬರುವ ಮುನ್ನ ಬೀದಿಯ ಕಂಬಗಳಲ್ಲಿ ಸೀಮೆಎಣ್ಣೆಯ ದೀಪಗಳಿದ್ದವು. ಸಂಜೆಯಾದೊಡನೆ ಏಣಿ ಹೊತ್ತು ಕಂಬದಿಂದ ಕಂಬಕ್ಕೆ ನಡೆದು ಗಾಜು ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬಿ ದೀಪ ಹಚ್ಚುವ ನೌಕರನು ಪುರಸಭೆಯ ಗಡಿಯಾರದಂತಿದ್ದನು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು 1905ರಲ್ಲಿ ಬೆಂಗಳೂರು ಪೇಟೆಯ ಬೀದಿಗಳನ್ನು ಬೆಳಗಿತು; ದಂಡಿನ ಬೀದಿಗಳಿಗೂ ಆ ಬೆಳಕು ಕ್ರಮೇಣ ವಿಸ್ತರಿಸಿತು.

ಮೂರನೆಯದು ನೀರು. ಬಾವಿಗಳೂ ಹಲಸೂರು ಕೆರೆ, ಮಿಲ್ಲರ್ಸ್ ಕೆರೆಗಳೂ ಬೆಳೆಯುತ್ತಿದ್ದ ಜನಸಂಖ್ಯೆಗೆ ಸಾಲದಾದಾಗ 1882ರಲ್ಲಿ ಸ್ಯಾಂಕಿ ಕೆರೆಯನ್ನು ನಿರ್ಮಿಸಲಾಯಿತು. ಅದೂ ಸಾಲದೆ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳಾಯಿಯ ಮೂಲಕ ನೀರು ತರುವ ಚಾಮರಾಜೇಂದ್ರ ಜಲಕಾಮಗಾರಿಯನ್ನು ಮೈಸೂರು ಸರ್ಕಾರವು 1894ರಲ್ಲಿ ಕೈಗೊಂಡಿತು; 1896ರಲ್ಲಿ ನೀರು ಬಂದಿತು. ಆಡಳಿತ ಎರಡಾದರೂ ಬಾಯಾರಿಕೆ ಒಂದೇ ಆದುದರಿಂದ ಪೇಟೆಯೂ ದಂಡೂ ಅದನ್ನೇ ಹಂಚಿಕೊಂಡವು. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು ನಮ್ಮ ತಾಯಂದಿರ ಕಾಲದವರೆಗೂ ಮುಂದುವರಿದ ದೃಶ್ಯ. ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದ ಅನುಭವದಿಂದ ಪಾಠ ಕಲಿತು 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಕಟ್ಟಲಾಯಿತು.

ನಾಲ್ಕನೆಯದು ನೈರ್ಮಲ್ಯ. ಆಯವ್ಯಯದಲ್ಲಿ ಇದಕ್ಕೆ ಎಷ್ಟು ಗಮನ ಸಲ್ಲುತ್ತಿತ್ತೋ ಅಷ್ಟೇ ಅಲಕ್ಷ್ಯ ಅದನ್ನು ಮಾಡುವವರ ಬಗ್ಗೆ ಇದ್ದಿತು. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಬೆಳಗು ಹರಿಯುವ ಮುನ್ನ ಮನೆಗಳ ಹಿಂದಿನ ಓಣಿಯಲ್ಲಿ ನಡೆದು, ಮಲವನ್ನು ಕೈಯಾರೆ ಎತ್ತಿ, ಎತ್ತಿನ ಗಾಡಿಗೆ ತುಂಬಿ ಊರಾಚೆ ಸಾಗಿಸುತ್ತಿದ್ದವರು ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟ ಜನ. ಅವರು ಒಂದು ದಿನ ಬಾರದಿದ್ದರೆ ಬಂಗಲೆಯೂ ಬಜಾರೂ ಸಮನಾಗಿ ಕಂಗೆಡುತ್ತಿದ್ದವು. ಕೈಯಿಂದ ಮಲ ಎತ್ತಿಸುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದುದು 1993ರಲ್ಲಿ. 2013ರಲ್ಲಿ ಅದಕ್ಕಿಂತ ಕಠಿಣವಾದ ಮತ್ತೊಂದು ಕಾನೂನು ಬೇಕಾಯಿತು. ನಮ್ಮ ಊರಿನ ಚರಿತ್ರೆ ಬರೆಯುವಾಗ ಈ ಜನರಿಗೆ ಒಂದು ಸಾಲನ್ನಾದರೂ ಮೀಸಲಿಡದಿದ್ದರೆ ಆ ಚರಿತ್ರೆ ಪ್ರಾಮಾಣಿಕವಾಗದು.

ಮಹಾಮಾರಿಯ ವರ್ಷಗಳು

ಪುರಸಭೆಯ ನಿತ್ಯ ವ್ಯವಹಾರವು ಪ್ರಾಣದ ಪ್ರಶ್ನೆಯೇ ಆಗಿದ್ದಿತೆಂಬುದು 1898ರ ಆಗಸ್ಟ್ ತಿಂಗಳಿನಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಪ್ಲೇಗ್ ರೋಗವು ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂದಿತು. 1891ರ ಜನಗಣತಿಯಲ್ಲಿ ಸ್ಟೇಷನ್ನಿನ ಜನಸಂಖ್ಯೆ 1,00,081. 1901ರಲ್ಲಿ ಅದು 89,599ಕ್ಕೆ ಇಳಿದಿತ್ತು. ಪೇಟೆಯಲ್ಲಿಯೂ 80,285 ಇದ್ದುದು 69,447 ಆಯಿತು. ಕಡಿಮೆಯಾದವರೆಲ್ಲರೂ ಮಡಿದವರೇ ಅಲ್ಲ. ಹೆದರಿ ಊರು ಬಿಟ್ಟವರೂ ಅನೇಕರು. ಆದರೂ ಬೆಳೆಯಬೇಕಾದ ಊರು ಹತ್ತು ವರ್ಷಗಳಲ್ಲಿ ಕುಗ್ಗಿತೆಂಬುದೇ ಆ ಕಾಲದ ದುಃಖಕ್ಕೆ ಸಾಕ್ಷಿ.

ರೋಗ ಹರಡುವ ಬಗೆ ಆಗ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಆದುದರಿಂದ ತೋಚಿದ ಕ್ರಮಗಳನ್ನೆಲ್ಲ ಕೈಗೊಂಡರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆ ಮನೆಯ ಶೋಧನೆ, ರೋಗಿಗಳನ್ನೂ ಅವರ ಸಂಬಂಧಿಕರನ್ನೂ ಬೇರ್ಪಡಿಸಿ ಊರ ಹೊರಗಿನ ಶಿಬಿರಗಳಿಗೆ ಸಾಗಿಸುವುದು, ಬಟ್ಟೆಬರೆ ಸುಡುವುದು, ಬಿಸಿಲು ಗಾಳಿ ಆಡಲೆಂದು ಮನೆಯ ಹಂಚು ಕಳಚುವುದು ಇವೆಲ್ಲ ನಡೆದವು. ಪ್ಲೇಗ್ ಕಾರ್ಯಾಚರಣೆಗಾಗಿಯೇ ಬೆಂಗಳೂರಿನಲ್ಲಿ ಮೊದಲ ದೂರವಾಣಿ ತಂತಿಗಳನ್ನು ಎಳೆದರು. ಅಧಿಕಾರಿಗಳ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ತಾಯಿಯಿಂದ ಮಗುವನ್ನು ಅಗಲಿಸುವ, ಹೆಣವನ್ನು ಅಪರಿಚಿತರು ಪರೀಕ್ಷಿಸುವ ಕ್ರಮಗಳನ್ನು ಜನ ರೋಗಕ್ಕಿಂತ ಹೆಚ್ಚಾಗಿ ಹೆದರಿದರು, ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟುದರಿಂದ ರೋಗ ಇನ್ನಷ್ಟು ಹಬ್ಬಿತು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ವಿಶ್ವಾಸವಿಲ್ಲದಿದ್ದರೆ ಒಳ್ಳೆಯ ಔಷಧವೂ ವಿಷದಂತೆ ಕಾಣುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಸಂಕಟದಲ್ಲಿ ಎರಡು ಬಗೆಯ ದಾಖಲೆ ಪುಸ್ತಕಗಳು ತುಂಬುತ್ತಾ ಹೋದವು. ಪುರಸಭೆಯ ಮರಣ ದಾಖಲೆಯಿಂದ ವಾರದ ಲೆಕ್ಕ ಸಿದ್ಧವಾಗುತ್ತಿತ್ತು: ಇಷ್ಟು ರೋಗಿಗಳು, ಇಷ್ಟು ಮರಣ. ದೇವಾಲಯದ ಮರಣ ಪುಸ್ತಕದಲ್ಲಿ ಗುರುಗಳು ಬರೆಯುತ್ತಿದ್ದುದು ಒಂದೊಂದೇ ಹೆಸರು. ಲೆಕ್ಕವಿಲ್ಲದೆ ಊರನ್ನು ಉಳಿಸಲಾಗದು. ಹೆಸರಿಲ್ಲದೆ ಸತ್ತವರನ್ನು ಸ್ಮರಿಸಲಾಗದು. ಎರಡೂ ಬೇಕೆಂಬುದನ್ನು ಆ ವರ್ಷಗಳು ಕಲಿಸಿದವು.

ಇಲಿಯಿಂದ ಕಲಿತ ಪಾಠ

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುವುದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಅವರು 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರು. ವೈದ್ಯಲೋಕವು ಅದನ್ನು ಕೂಡಲೇ ಒಪ್ಪಲಿಲ್ಲ. 1905ರಿಂದ ನಡೆದ ಸಂಶೋಧನೆಗಳ ನಂತರವೇ ಅದು ಸ್ಥಿರಪಟ್ಟಿತು. ಇದರಿಂದ ಪುರಸಭೆಯ ದೃಷ್ಟಿಯೇ ಬದಲಾಯಿತು. ಮನುಷ್ಯನನ್ನು ಅಟ್ಟಾಡಿಸಿ ಹಿಡಿಯುವುದಕ್ಕಿಂತ ಇಲಿ ಸೇರಲಾಗದ ಮನೆ ಕಟ್ಟುವುದು ಮುಖ್ಯವೆಂದು ತಿಳಿಯಿತು.

ಇದರ ಫಲವೇ ನಮ್ಮ ಫ್ರೇಜರ್ ಟೌನ್. ಎಳೆಯ ಮಹಾರಾಜರಾಗಿದ್ದ ಕೃಷ್ಣರಾಜ ಒಡೆಯರಿಗೆ ಗುರುವಾಗಿದ್ದು, 1905ರಿಂದ 1910ರವರೆಗೆ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನು ಅದು ಹೊತ್ತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ಈ ಬಡಾವಣೆಯ ಶಿಲ್ಪಿ ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್. ನೇರವಾದ ಅಗಲ ಬೀದಿಗಳು, ಮನೆ ಮನೆಯ ನಡುವೆ ತೆರಪು, ಇಲಿ ಬಿಲ ತೋಡಲಾಗದ ಗಟ್ಟಿ ನೆಲ, ಗಾಳಿ ಬೆಳಕಿಗೆ ದೊಡ್ಡ ಕಿಟಕಿ ಇವು ಅವರ ಯೋಜನೆಯ ಲಕ್ಷಣಗಳು. ಈ ಅನುಭವವನ್ನು ಅವರು 1914ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಪೇಟೆಯ ಕಡೆ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಇದೇ ಮಹಾಮಾರಿಯ ಹಿನ್ನೆಲೆಯಲ್ಲಿ ಬೆಳೆದವು. ಮುಂದೆ ಕುಕ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್‌ಗಳು ಹುಟ್ಟಿದವು. ಅಧಿಕಾರಿಗಳ ಹೆಸರು ಬೀದಿಗಳಿಗೆ ಉಳಿಯಿತು. ಯಾರ ಮನೆಗಳ ಹಂಚು ಕಳಚಿದ ನೋವಿನಿಂದ ಈ ವಿವೇಕ ಬಂದಿತೋ ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. 1911ರ ಜನಗಣತಿಯಲ್ಲಿ ಸ್ಟೇಷನ್ನಿನ ಜನಸಂಖ್ಯೆ ಮತ್ತೆ 1,00,834ಕ್ಕೆ ಏರಿತು. ಇಪ್ಪತ್ತು ವರ್ಷಗಳ ನಂತರ ಊರು ತಾನು ಇದ್ದಲ್ಲಿಗೆ ಮರಳಿತ್ತು.

1918ರ ಇನ್‌ಫ್ಲುಯೆಂಜಾ ಮತ್ತೊಂದು ಪರೀಕ್ಷೆಯನ್ನು ತಂದಿತು. ಈ ಬಾರಿ ಶಿಬಿರಗಳಿಗಿಂತ ಸ್ವಯಂಸೇವಕರು ಮುಂದೆ ಬಂದರು. ಬಡ ಬಡಾವಣೆಗಳಲ್ಲಿ ಔಷಧ ಮತ್ತು ಗಂಜಿಯನ್ನು ಹಂಚಲಾಯಿತು. ಆಗ ಪೇಟೆಯ ಪುರಸಭೆಯ ಅಧ್ಯಕ್ಷರಾಗಿದ್ದವರು ಕೆ. ಪಿ. ಪುಟ್ಟಣ್ಣಚೆಟ್ಟರು, ಇಂದಿನ ಪುರಭವನ ಅವರ ಹೆಸರನ್ನೇ ಹೊತ್ತಿದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಊರು ಕಲಿತ ಪಾಠ ಇಲ್ಲಿ ಕಾಣುತ್ತದೆ.

ಮಾರುಕಟ್ಟೆ ಮತ್ತು ನೆರೆಹೊರೆ

ಸಂತ ಮರಿಯಮ್ಮನವರ ಬೆಸಿಲಿಕಾದ ನೆರೆಯಲ್ಲಿಯೇ ನಿಂತಿರುವ ರಸೆಲ್ ಮಾರುಕಟ್ಟೆಯು ಪುರಸಭೆಯ ಆಯುಕ್ತರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರಿನದು. ಮಾಂಸ, ಮೀನು, ತರಕಾರಿ, ಹೂವು, ಹಣ್ಣು ಎಲ್ಲಕ್ಕೂ ಒಂದೊಂದು ಅಂಕಣ, ತೊಳೆಯಲು ನೀರು, ಹರಿಯಲು ಚರಂಡಿ ಎಂಬ ಕ್ರಮವು ಬೀದಿಯ ಧೂಳಿನಲ್ಲಿ ಹರಡಿದ್ದ ವ್ಯಾಪಾರವನ್ನು ಒಂದು ಸೂರಿನ ಕೆಳಗೆ ತಂದಿತು. ಅದರ ಸನಿಹದಲ್ಲಿಯೇ ಹಾಜಿ ಸರ್ ಇಸ್ಮಾಯಿಲ್ ಸೇಟರ ಔದಾರ್ಯದಿಂದ ಗೋಷಾ ಆಸ್ಪತ್ರೆಯು 1925ರಲ್ಲಿ ಸ್ಥಾಪಿತವಾಯಿತು. ಸೆಪ್ಟೆಂಬರ್ ತಿಂಗಳ ಮಾತೆಯ ಉತ್ಸವಕ್ಕೆ ಮಾರುಕಟ್ಟೆಯ ಹೂವು ಹೋಗುವುದು, ದೇವಾಲಯದ ಘಂಟೆಯೂ ಮಸೀದಿಯ ಕರೆಯೂ ಒಂದೇ ಗಾಳಿಯಲ್ಲಿ ಕೇಳುವುದು ಇಲ್ಲಿನ ನಿತ್ಯಜೀವನ. ಚರಂಡಿ ಕಟ್ಟಿದಾಗ ಕೆಟ್ಟ ವಾಸನೆ ಎಲ್ಲ ಧರ್ಮದವರ ಮನೆಗೂ ಬರುತ್ತಿದ್ದುದರಿಂದ, ಒಟ್ಟಾಗಿ ಅರ್ಜಿ ಕೊಡುವುದನ್ನು ಈ ನೆರೆಹೊರೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಉಪಸಂಹಾರ

1947ರ ಜುಲೈ 26ರಂದು ಸ್ಟೇಷನ್ನಿನ ಆಡಳಿತವು ಮೈಸೂರು ಸರ್ಕಾರಕ್ಕೆ ಹಿಂದಿರುಗಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಒಂದು ಊರಿನ ನಡುವೆ ಇದ್ದ ಗಡಿ ಅಳಿಯಿತು. ಒಮ್ಮೆ ಎಲ್ಲೆಯ ಹೊರಗಿದ್ದ ಕೃಷ್ಣರಾಜಪುರವು 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿತು. 2025ರಲ್ಲಿ ಬೆಳೆದ ನಗರವನ್ನು ಮತ್ತೆ ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಕೂಡುವುದು, ಬೇರೆಯಾಗುವುದು ಆಡಳಿತದ ಅನುಕೂಲಕ್ಕಾಗಿ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಬೇಕಾದುದು ಮಾತ್ರ ನೀರು.

ಪ್ರಿಯ ವಾಚಕರೇ, ನೂರು ವರ್ಷಗಳ ಹಿಂದೆ ಮತವಿಲ್ಲದೆ, ಹೆಸರಿಲ್ಲದೆ ಈ ಊರಿನ ಭಾರ ಹೊತ್ತವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಇಂದು ಮತವಿದೆ. ಅದನ್ನು ಉಪಯೋಗಿಸುವುದು, ನಮ್ಮ ಬೀದಿಯ ಚರಂಡಿಯನ್ನು ನಮ್ಮದೆಂದು ಭಾವಿಸುವುದು, ಮುಂಜಾನೆ ಕಸದ ಗಾಡಿಯೊಡನೆ ಬರುವ ಪೌರಕಾರ್ಮಿಕರನ್ನು ಹೆಸರು ಹಿಡಿದು ಮಾತನಾಡಿಸುವುದು ಶತಮಾನೋತ್ಸವಕ್ಕೆ ತಕ್ಕ ಕಾರ್ಯಗಳೆಂದು ನಾವು ನಂಬುತ್ತೇವೆ. ನವೆಂಬರ್ ತಿಂಗಳಿನಲ್ಲಿ ಕಲ್‌ಪಳ್ಳಿಯ ಸ್ಮಶಾನಕ್ಕೆ ಹೋಗಿ ನಮ್ಮ ಹಿರಿಯರ ಸಮಾಧಿಗಳಿಗೆ ಮೇಣದ ಬತ್ತಿ ಹಚ್ಚುವಾಗ, ಗುರುತಿನ ಕಲ್ಲೂ ಇಲ್ಲದೆ ಮಲಗಿರುವ ಆ ಮಹಾಮಾರಿಯ ಕಾಲದವರಿಗಾಗಿಯೂ ಒಂದು ಬತ್ತಿಯನ್ನು ಹಚ್ಚೋಣ.