ಒಡಹುಟ್ಟಿದವನ ಚರ್ಮವೂ ನಿಲ್ಲಲಿಲ್ಲ

ಒಡಹುಟ್ಟಿದವರು ಅಂದ್ರೆ ಒಂದೇ ರಕ್ತ ಅಂತೀವಿ. ಹಾಗಾದ್ರೆ ಮೈ ಸುಟ್ಟುಕೊಂಡ ತಂಗಿಗೆ ಅಣ್ಣ ತನ್ನ ಚರ್ಮ ಕೊಟ್ಟರೆ ಅಂಟಿಕೊಳ್ಳಬೇಕಲ್ವಾ? ಅಂಟಿಕೊಳ್ಳುತ್ತೆ. ಆದರೆ ನಿಲ್ಲಲ್ಲ. ಯಾಕೆ ಅನ್ನೋದು ತಿಳಿದದ್ದು ಎರಡನೇ ಮಹಾಯುದ್ಧದ ನಡುವೆ.

1940. ಇಂಗ್ಲೆಂಡಿನ ಆಕ್ಸ್‌ಫರ್ಡ್. ಪೀಟರ್ ಮೆಡವಾರ್ ಅನ್ನೋ 25 ವರ್ಷದ ಪ್ರಾಣಿಶಾಸ್ತ್ರಜ್ಞನ ಮನೆ ಹತ್ತಿರವೇ ಒಂದು ಬಾಂಬರ್ ವಿಮಾನ ಬಿತ್ತು. ಬದುಕುಳಿದ ವಾಯುಪಡೆಯ ಹುಡುಗನ ಮೈ ತುಂಬಾ ಸುಟ್ಟಿತ್ತು. ಏನಾದ್ರೂ ದಾರಿ ಇದೆಯಾ ಅಂತ ವೈದ್ಯರು ಮೆಡವಾರ್‌ನನ್ನು ಕೇಳಿದರು.

ರೋಗಿಯ ಸ್ವಂತ ಚರ್ಮ ತೆಗೆದು ಕಸಿ ಮಾಡೋದು 1869ರಿಂದಲೇ ಗೊತ್ತಿತ್ತು. ಆದರೆ ಅರ್ಧ ಮೈ ಸುಟ್ಟವನಿಗೆ ಎಲ್ಲಿಂದ ತೆಗೀತೀರಿ? ಬೇರೆಯವರ ಚರ್ಮ ಉದುರಿಹೋದರೆ, ಕೈಕೆಲಸ ಸರಿಯಿಲ್ಲ ಅಂತ ಹಲವರು ನಂಬಿದ್ದರು.

ಮೆಡವಾರ್ ಗ್ಲಾಸ್ಗೋಗೆ ಹೋದ. ಅಲ್ಲಿನ ಸರ್ಜನ್ ಟಾಮ್ ಗಿಬ್ಸನ್ ಜೊತೆ ಸೇರಿ, ಸುಟ್ಟಗಾಯವಾಗಿದ್ದ 22 ವರ್ಷದ ಹೆಣ್ಣುಮಗಳಿಗೆ ಅವಳ ಚರ್ಮದ ಚೂರುಗಳ ಜೊತೆಗೇ ಒಡಹುಟ್ಟಿದವನ ಚರ್ಮದ ಚೂರುಗಳನ್ನೂ ಇಟ್ಟರು. ಅವಳದ್ದು ನಿಂತಿತು. ಅವನದ್ದು ಮೊದಲು ಚೆನ್ನಾಗೇ ಬೆಳೆದು, ಆಮೇಲೆ ನಾಶವಾಯ್ತು. ಸುಮಾರು 15 ದಿನ ಬಿಟ್ಟು ಅವನದ್ದೇ ಚರ್ಮ ಮತ್ತೆ ಇಟ್ಟರು. ಈ ಸಲ ಇನ್ನೂ ಬೇಗ ಹಾಳಾಯ್ತು! ಕೈಕೆಲಸದ ತಪ್ಪಾಗಿದ್ರೆ ಎರಡು ಸಲಕ್ಕೂ ಈ ವ್ಯತ್ಯಾಸ ಯಾಕೆ? ಅಂದ್ರೆ ದೇಹ ಮೊದಲ ಸಲವೇ ಗುರುತು ಇಟ್ಟುಕೊಂಡಿತ್ತು. 1943ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. 1960ರಲ್ಲಿ ಮೆಡವಾರ್‌ಗೆ ನೊಬೆಲ್ ಬಂತು.

ನಾನು ಇಂಜಿನಿಯರಿಂಗ್ ಓದಿದವನು. ಅಳತೆ ಸರಿಯಿದ್ರೆ ಪಾರ್ಟ್ ಕೂರಬೇಕು ಅನ್ನೋದು ನಮ್ಮ ಲೆಕ್ಕ. ದೇಹ ಈ ಲೆಕ್ಕ ಒಪ್ಪಲ್ಲ.

ಹಾಗಂತ ಬೇರೆಯವರ ಚರ್ಮ ವ್ಯರ್ಥವಲ್ಲ. ತೀರಿಕೊಂಡವರ ಚರ್ಮವನ್ನು ಸುಟ್ಟ ಜಾಗಕ್ಕೆ ಹೊದಿಸಿದರೆ ಕೆಲವು ವಾರ ಇರುತ್ತೆ. ಅಷ್ಟು ದಿನ ದೇಹದ ನೀರು ಸೋರಿಹೋಗೋದು, ಸೋಂಕು ಒಳನುಗ್ಗೋದು ಕಡಿಮೆಯಾಗುತ್ತೆ. ಅಷ್ಟರಲ್ಲಿ ರೋಗಿಯ ತೊಡೆಯಲ್ಲಿ ಚರ್ಮ ತೆಗೆದ ಜಾಗ ಮಾಯುತ್ತೆ, ಅಲ್ಲಿಂದಲೇ ಮತ್ತೆ ತೆಗೀತಾರೆ. ಆ ಚರ್ಮಕ್ಕೆ ಸಣ್ಣ ಸಣ್ಣ ಸೀಳು ಹಾಕಿ, ಬಲೆಯಂತೆ ಹಿಗ್ಗಿಸಿ, ಮೂರು ಪಟ್ಟು ಜಾಗಕ್ಕೆ ಹಾಸೋ ವಿಧಾನ 1964ರಲ್ಲಿ ಅಮೆರಿಕದಿಂದ ಬಂತು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಚರ್ಮದ ಬ್ಯಾಂಕ್ ಇದೆ. ತೀರಿಕೊಂಡ ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ಬ್ಲಡ್ ಗ್ರೂಪ್ ಹೊಂದಬೇಕಿಲ್ಲ. ಹೆಣ ವಿಕಾರವಾಗುತ್ತೆ ಅಂತ ಹೆದರೋರು ಇದ್ದಾರೆ. ತೆಗೆಯೋದು ತೊಡೆ, ಕಾಲು, ಬೆನ್ನಿನ ತೆಳು ಮೇಲ್ಪದರ ಮಾತ್ರ. ಆಮೇಲೆ ಬ್ಯಾಂಡೇಜ್ ಸುತ್ತಿ ಮನೆಯವರಿಗೆ ಒಪ್ಪಿಸ್ತಾರೆ.