ಪಾಬಳದ ಮೇಷ್ಟ್ರು

ಪುಣೆಯಿಂದ ಎರಡು ಗಂಟೆ ಹಾದಿಯಲ್ಲಿ, ಶಿರೂರು ತಾಲ್ಲೂಕಿನಲ್ಲಿ ಪಾಬಳ ಅಂತ ಒಂದು ಊರಿದೆ. ಮಳೆ ಕಡಿಮೆ ಬೀಳುವ ಸೀಮೆ. ಹಿಂಜವಡಿಯ ಐಟಿ ಪಾರ್ಕಿನಲ್ಲಿ ಹಗಲು ಕಳೆಯುವ ನಮ್ಮಂಥ ಕನ್ನಡಿಗರು ಆ ಹೆಸರು ಕೇಳಿದ್ದರೆ ಅದು ಮಸ್ತಾನಿಯಿಂದ. ಬಾಜೀರಾಯನ ಮಸ್ತಾನಿಯ ಗೋರಿ ಇರುವುದು ಅಲ್ಲೇ. ಸಿನಿಮಾ ಬಂದ ಮೇಲೆ ನೋಡಲು ಹೋಗುವವರೂ ಹೆಚ್ಚಾದರು. ನನ್ನ ಮಟ್ಟಿಗೆ ಆ ಊರು ಮುಖ್ಯವಾಗುವುದು ಡಾ. ಶ್ರೀನಾಥ ಕಲಬಾಗ್ ಎಂಬ ಮೇಷ್ಟ್ರಿಂದ.

1928ರಲ್ಲಿ ಹುಟ್ಟಿದ ಕಲಬಾಗ್ ಮೂಲತಃ ಮೇಷ್ಟ್ರಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಮುಂಬಯಿಯ ಹಿಂದೂಸ್ತಾನ್ ಲಿವರ್ ಸಂಶೋಧನಾ ಕೇಂದ್ರ ಸೇರಿದವರು. ಐವತ್ತು ದಾಟಿದ ಮೇಲೆ ಆ ನೌಕರಿ ಬಿಟ್ಟು, 1983ರಲ್ಲಿ ಹೆಂಡತಿ ಮೀರಾ ಅವರ ಜೊತೆ ಪಾಬಳಕ್ಕೆ ಬಂದು ವಿಜ್ಞಾನ ಆಶ್ರಮ ಶುರು ಮಾಡಿದರು. ಆಶ್ರಮ ಅಂದರೆ ಭಜನೆ ಎಂದುಕೊಳ್ಳಬೇಡಿ. ಅಲ್ಲಿ ಕೇಳುವುದು ವೆಲ್ಡಿಂಗ್ ಸದ್ದು.

ಬಂದ ಹುಡುಗರು ಯಾರು? ಬಹುಪಾಲು ಶಾಲೆ ಬಿಟ್ಟವರು, ಹತ್ತನೆಯಲ್ಲಿ ಡುಮ್ಕಿ ಹೊಡೆದವರು. ‘ತಲೆ ಇಲ್ಲ’ ಎಂಬ ಸರ್ಟಿಫಿಕೇಟು ಊರಿನಿಂದ ಆಗಲೇ ಸಿಕ್ಕಿದ್ದವರು. ಹುಡುಗ ಕಲಿಯದಿದ್ದರೆ ತಪ್ಪು ಅವನದಲ್ಲ, ಕಲಿಸುವ ರೀತಿಯದು ಎಂಬುದು ಕಲಬಾಗರ ನಂಬಿಕೆ. ಮಗು ಮಾತು ಕಲಿಯುವುದು ವ್ಯಾಕರಣದಿಂದಲ್ಲವಲ್ಲ. ಕೆಲಸ ಮಾಡುತ್ತ ಮಾಡುತ್ತ ವಿಜ್ಞಾನವನ್ನೂ ಹಾಗೇ ಕಲಿಯಬಹುದು ಎನ್ನುವುದು ಅವರ ವಾದದ ತಿರುಳು.

ಒಂದು ಉದಾಹರಣೆ ನನಗೆ ಬಹಳ ಇಷ್ಟ. ಬರದ ಊರಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು? ನಮ್ಮ ಕಡೆಯ ಹಾಗೆ ಅಲ್ಲೂ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಹೊಲ ಸುತ್ತುವವರನ್ನು ನಂಬುವುದೇ ರೂಢಿ. ಕಲಬಾಗರು ಹುಡುಗರ ಕೈಗೆ ಭೂಮಿಯ ವಿದ್ಯುತ್ ರೋಧ ಅಳೆಯುವ ಮೀಟರ್ ಕೊಟ್ಟರು. ನಾಲ್ಕು ಕಬ್ಬಿಣದ ಸರಳುಗಳನ್ನು ಒಂದೇ ಸಾಲಿನಲ್ಲಿ ನೆಡುವುದು. ಹೊರಗಿನ ಎರಡರ ಮೂಲಕ ಕರೆಂಟ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುವುದು. ಸರಳುಗಳ ಅಂತರ ಹೆಚ್ಚಿಸಿದಷ್ಟೂ ಇನ್ನೂ ಆಳದ ಮಾಹಿತಿ. ನೀರು ತುಂಬಿದ ಪದರದಲ್ಲಿ ರೋಧ ಕಡಿಮೆ, ಗಟ್ಟಿ ಬಂಡೆಯಲ್ಲಿ ಹೆಚ್ಚು. ಗ್ರಾಫ್ ಹಾಕಿ ರೈತನಿಗೆ ಜಾಗ ತೋರಿಸುವುದು, ಸೇವೆಗೆ ಹಣ ಪಡೆಯುವುದು. ಓಮನ ನಿಯಮ ಪರೀಕ್ಷೆಯಲ್ಲಿ ಬರೆಯಲಾಗದ ಹುಡುಗ ಅದನ್ನು ಹೊಲದಲ್ಲಿ ದುಡಿಸುತ್ತಿದ್ದ. ಎಂಟೆಕ್‌ವರೆಗೆ ಓದಿದ ನಾನು ಆ ನಿಯಮವನ್ನು ಲ್ಯಾಬಿನ ಮೇಜು ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ.

ಇನ್ನೊಂದು, ಪ್ರಾಜೆಕ್ಟ್ ಮ್ಯಾನೇಜರನ ಕಣ್ಣಿಗೆ ಬೀಳುವಂಥದ್ದು: ಪ್ರತಿ ಕೆಲಸಕ್ಕೂ ಕಾಸ್ಟಿಂಗ್ ಬರೆಯಲೇಬೇಕು. ಒಂದು ಸ್ಟೂಲ್ ಮಾಡಿದರೂ ಕಬ್ಬಿಣ ಎಷ್ಟು, ವೆಲ್ಡಿಂಗ್ ರಾಡ್ ಎಷ್ಟು, ಕೂಲಿ ಎಷ್ಟು. ಕೂಲಿಯನ್ನು ಬೇರೆ ಸಾಲಿನಲ್ಲಿ ಲೆಕ್ಕಕ್ಕೆ ತರುವುದು ನಮ್ಮ ಸಮಾಜದಲ್ಲಿ ಸಣ್ಣ ಮಾತಲ್ಲ.

ಯಾಕೆಂದರೆ ಇಲ್ಲಿ ಕೈಕೆಲಸಕ್ಕೆ ಜಾತಿ ಅಂಟಿಕೊಂಡಿದೆ. ಕಬ್ಬಿಣ ಒಬ್ಬರದು, ಮರ ಇನ್ನೊಬ್ಬರದು, ಸಗಣಿ ಬಾಚುವುದು ಮತ್ತೊಬ್ಬರದು, ಒಲೆ ಹೆಂಗಸರದು. ಆಶ್ರಮದ ಒಂದು ವರ್ಷದ ವಸತಿ ಡಿಪ್ಲೊಮಾದಲ್ಲಿ ನಾಲ್ಕು ವಿಭಾಗ: ಎಂಜಿನಿಯರಿಂಗ್, ಇಂಧನ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಗೃಹ ಮತ್ತು ಆರೋಗ್ಯ. ಯಾರೇ ಬಂದರೂ ನಾಲ್ಕರಲ್ಲೂ ಕೈ ಆಡಿಸಬೇಕು. ಹುಡುಗ ಅಡುಗೆ ಕಲಿಯಬೇಕು, ಹುಡುಗಿ ವೆಲ್ಡಿಂಗ್ ಹಿಡಿಯಬೇಕು. ಸಮಾನತೆಯ ಬಗ್ಗೆ ಒಂದೂ ಭಾಷಣವಿಲ್ಲದೆ ಟೈಂಟೇಬಲ್ ಆ ಕೆಲಸ ಮಾಡುತ್ತದೆ ಎಂಬುದು ನನ್ನ ಓದು.

ಆಕ್ಷೇಪವೂ ಇದೆ, ತಳ್ಳಿಹಾಕುವಂಥದ್ದಲ್ಲ. ಬಡವರ ಮಕ್ಕಳಿಗೆ ಸುತ್ತಿಗೆ, ಉಳ್ಳವರ ಮಕ್ಕಳಿಗೆ ಕೋಟಾದ ಕೋಚಿಂಗ್ - ಇದು ಹಳೆಯ ವ್ಯವಸ್ಥೆಗೇ ಹೊಸ ಬಣ್ಣವಲ್ಲವೇ? ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿಗೂ ಇದೇ ಪ್ರಶ್ನೆ ಎದುರಾಗಿತ್ತು. ಬುನಾದಿ ಶಾಲೆ ಎಂದರೆ ಎರಡನೇ ದರ್ಜೆಯ ಶಾಲೆ ಎಂದು ಜನ ತೀರ್ಮಾನಿಸಿದರು. ಅದನ್ನು ಹೊಗಳುತ್ತಿದ್ದವರೂ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದರು. ಕಲಬಾಗ್ ಕೊಟ್ಟ ಉತ್ತರ ಜಾಣತನದ್ದು. ಶಾಲೆ ಬಿಟ್ಟವರಿಗಷ್ಟೇ ನಿಲ್ಲಿಸದೆ, ಮಾಮೂಲಿ ಹೈಸ್ಕೂಲಿನ ಎಂಟರಿಂದ ಹತ್ತನೆಯವರೆಗೆ ವಾರಕ್ಕೆ ಒಂದು ದಿನ ಇದೇ ಕಾರ್ಯಕ್ರಮ ತಂದರು. ಗಣಿತ, ವಿಜ್ಞಾನ, ಭಾಷೆ ಯಾವುದನ್ನೂ ಬಿಡಿಸಲಿಲ್ಲ. ಕಲಿಸಲು ಊರಿನ ಕುಶಲಕರ್ಮಿಗಳನ್ನೇ ಕರೆಸಿದರು. ನಿನ್ನೆಯವರೆಗೆ ಹೆಡ್‌ಮಾಸ್ಟರ ಮನೆಯ ಗೇಟು ರಿಪೇರಿ ಮಾಡುತ್ತಿದ್ದವನು ಇಂದು ಅದೇ ಶಾಲೆಯಲ್ಲಿ ‘ಸರ್’. ಈ ಬದಲಾವಣೆಯ ಬೆಲೆ ಯಾವ ಎಕ್ಸೆಲ್ ಶೀಟಿನಲ್ಲೂ ಕೂರುವುದಿಲ್ಲ.

ಆದರೂ ಪ್ರಶ್ನೆ ಪೂರ್ತಿ ಕರಗಿಲ್ಲ. ಇದು ಹೆಚ್ಚು ಹರಡಿದ್ದು ಹಳ್ಳಿಯ ಶಾಲೆಗಳಲ್ಲಿ. ನನ್ನ ಅಪಾರ್ಟ್‌ಮೆಂಟಿನ ಮಕ್ಕಳಿಗೆ ರೋಬೊಟಿಕ್ಸ್ ಕಿಟ್ ಇದೆ, ದುಬಾರಿ ಫೀಸಿನ ‘ಮೇಕರ್’ ಕ್ಲಾಸಿದೆ. ಸಗಣಿಯಿಂದ ಗ್ಯಾಸ್ ಮಾಡುವ ಪಾಠ ಇಲ್ಲ.

2002ರಲ್ಲಿ ಎಂಐಟಿಯ ನೀಲ್ ಗರ್ಶೆನ್‌ಫೆಲ್ಡ್ ತಮ್ಮ ಫ್ಯಾಬ್ ಲ್ಯಾಬ್ ಕಲ್ಪನೆಯನ್ನು ವಿಶ್ವವಿದ್ಯಾಲಯದ ಹೊರಗೆ ತಂದಾಗ ಆರಿಸಿಕೊಂಡ ಮೊದಲ ಜಾಗಗಳಲ್ಲಿ ಪಾಬಳವೂ ಒಂದು. ಡೀಸೆಲ್ ಎಂಜಿನ್ನಿನ ಹದ, ಹಾಲಿನ ಗುಣಮಟ್ಟ ಅಳೆಯುವ ಉಪಕರಣಗಳ ಮೇಲೆ ಅಲ್ಲಿ ಕೆಲಸ ನಡೆಯಿತು. ಮರುವರ್ಷ, 2003ರಲ್ಲಿ ಕಲಬಾಗ್ ತೀರಿಕೊಂಡರು. ಆಶ್ರಮ ಇನ್ನೂ ನಡೆಯುತ್ತಿದೆ. ಮಸ್ತಾನಿಯ ಗೋರಿ ನೋಡಲು ಹೋಗುವವರು ಅಲ್ಲಿಗೂ ಹೋಗಿ ಬರಬಹುದು.