ರಕ್ತದೊತ್ತಡ ಮತ್ತು ವೈದ್ಯರ ಮರುವ್ಯಾಸಂಗ

ರೋಗಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಕ್ರಮವು ವೈದ್ಯವೃತ್ತಿಯ ಪುರಾತನ ಸಂಪ್ರದಾಯವೆಂಬಂತೆ ನಮಗೆ ಭಾಸವಾಗುವುದಾದರೂ, ಅದು ವೈದ್ಯರ ಕೈಗೆ ಬಂದುದು ತೀರ ಈಚೆಗೆ. ಬಂದ ಮೇಲೂ, ಅದು ತೋರಿಸಿದ ಅಂಕಿಯ ಅರ್ಥವನ್ನು ಒಂದು ತಲೆಮಾರಿನವರು ಕಲಿತಂತೆ ಮುಂದಿನವರು ಕಲಿಯಲಾಗಲಿಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸನು ಕುದುರೆಯ ಧಮನಿಗೆ ಹಿತ್ತಾಳೆಯ ನಳಿಗೆಯನ್ನು ಸೇರಿಸಿ, ಅದಕ್ಕೆ ಗಾಜಿನ ಕೊಳವೆಯನ್ನು ಜೋಡಿಸಿ, ನೆತ್ತರು 8 ಅಡಿಗೂ ಮಿಕ್ಕಿ ಮೇಲೇರುವುದನ್ನು ಕಂಡು 1733ರಲ್ಲಿ ಪ್ರಕಟಿಸಿದನು. ಧಮನಿಯನ್ನು ಕೊಯ್ಯದೆ ರೋಗಿಯ ಒತ್ತಡವನ್ನು ಅಳೆಯಲು ಇಟಲಿಯ ರೀವಾ-ರೋಚ್ಚಿಯು ರಬ್ಬರು ಪಟ್ಟಿಯ ಉಪಕರಣವನ್ನು ರಚಿಸಿದ್ದು 1896ರಲ್ಲಿ. ಪಟ್ಟಿಯ ಕೆಳಗೆ ಸ್ಟೆತೊಸ್ಕೋಪಿಟ್ಟು ಧಮನಿಯ ಸದ್ದನ್ನು ಆಲಿಸಬಹುದೆಂದು ರಷ್ಯದ ಶಸ್ತ್ರವೈದ್ಯ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ.

ಈ ಪರಂಪರೆಯಲ್ಲಿ ನನಗೆ ಎಲ್ಲರಿಗಿಂತ ಆದರಣೀಯನಾಗಿ ತೋರುವವನು, ಇವರಿಬ್ಬರಿಗೂ ಮೊದಲೇ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ದುಡಿದ ಫ್ರೆಡರಿಕ್ ಅಕ್ಬರ್ ಮಹಮದ್. ಪಾಟ್ನಾದಲ್ಲಿ ಹುಟ್ಟಿ ಬ್ರೈಟನ್ನಿನಲ್ಲಿ ಅಭ್ಯಂಗಸ್ನಾನಗೃಹವನ್ನು ನಡೆಸಿ ಪ್ರಖ್ಯಾತನಾದ ಶೇಕ್ ದೀನ್ ಮಹಮದನ ಮೊಮ್ಮಗನಾದ ಈತನು, ಮಣಿಕಟ್ಟಿನ ನಾಡಿಯ ಮಿಡಿತವನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರವನ್ನು ತಿದ್ದಿ ಉಪಯೋಗಿಸುತ್ತ, ಮೂತ್ರಪಿಂಡಗಳು ಕೆಟ್ಟವರಲ್ಲಿ ಮಾತ್ರವೇ ಒತ್ತಡವೇರುವುದೆಂಬ ಆಗಿನ ಪಾಠಕ್ಕೆ ವಿರುದ್ಧವಾಗಿ, ಆರೋಗ್ಯವಂತರಾಗಿ ಕಾಣುವ ಜನರಲ್ಲಿಯೂ ಅದು ಸದ್ದಿಲ್ಲದೆ ನೆಲಸಿರಬಹುದೆಂದು ತೋರಿಸಿದನು. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಪರವಾಗಿ ಊರೂರಿನ ವೈದ್ಯರಿಗೆ ಪ್ರಶ್ನೆಗಳನ್ನು ಕಳುಹಿಸಿ, ಅವರ ಅನುಭವವನ್ನು ಒಂದೆಡೆ ಕೂಡಿಸುವ ಕಾರ್ಯದಲ್ಲಿಯೂ ಅವನೇ ಮುಂದಾಳಾಗಿದ್ದನು. ವಿಷಮಶೀತಜ್ವರವು 1884ರಲ್ಲಿ, ಇನ್ನೂ ಮೂವತ್ತೈದರ ಹರೆಯದಲ್ಲಿ, ಅವನನ್ನು ಒಯ್ದುಬಿಟ್ಟಿತು; ಅವನ ಪಾಠವೂ ಬಹುಕಾಲ ವಿಸ್ಮೃತವಾಯಿತು.

ಅದರ ಸ್ಥಾನದಲ್ಲಿ ಬೇರೂರಿದುದು, ಗಡುಸಾದ ಧಮನಿಗಳಲ್ಲಿ ರಕ್ತವನ್ನು ನೂಕಲು ಶರೀರವೇ ಒತ್ತಡವನ್ನು ಏರಿಸಿಕೊಳ್ಳುವುದರಿಂದ ಅದನ್ನು ತಗ್ಗಿಸುವುದು ಅಪಾಯಕರವೆಂಬ ಅಭಿಪ್ರಾಯ. 1944ರ ಮಾರ್ಚಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರನ್ನು ಹೃದ್ರೋಗತಜ್ಞ ಬ್ರೂಯೆನ್ ಪರೀಕ್ಷಿಸಿದಾಗ 186/108 ಇದ್ದ ಒತ್ತಡವು, ಮರುವರ್ಷ ಏಪ್ರಿಲ್ 12ರಂದು, ಮೆದುಳಿನ ರಕ್ತಸ್ರಾವದಿಂದ ಅವರು ಕುಸಿದ ಗಳಿಗೆಯಲ್ಲಿ 300/190ಕ್ಕೆ ಏರಿದ್ದಿತು. ಲೋಕದ ಯಾವ ವೈದ್ಯನನ್ನು ಬೇಕಾದರೂ ಕರೆಸಬಲ್ಲವರಾಗಿದ್ದ ಆ ಮಹಾಪುರುಷರಿಗೆ ಉಪ್ಪಿನ ಪಥ್ಯ, ವಿಶ್ರಾಂತಿ, ಕೆಲವು ಹಳೆಯ ಔಷಧಗಳಿಗಿಂತ ಹೆಚ್ಚಿನದೇನೂ ದೊರೆಯಲಿಲ್ಲವೆಂಬುದನ್ನು ನೆನೆದರೆ ಈಗಲೂ ಮನಸ್ಸು ಮರುಗುತ್ತದೆ.

ಆದರೆ ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಮದ್ದೊಂದಿತ್ತು. ಪಶ್ಚಿಮಘಟ್ಟದಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಒತ್ತಡವನ್ನು ತಗ್ಗಿಸುವುದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರು. ಬೊಂಬಾಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗಪತ್ರಿಕೆಯಲ್ಲಿ ತಮ್ಮ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆಯೇ ಪಶ್ಚಿಮದ ವೈದ್ಯರು ಇತ್ತ ಗಮನವಿತ್ತರು. 1952ರಲ್ಲಿ ಆ ಬೇರಿನಿಂದ ರೆಸರ್ಪೀನ್ ಪ್ರತ್ಯೇಕಿಸಲ್ಪಟ್ಟಿತು. ಚಿಕಿತ್ಸೆಯಿಂದ ಆಘಾತಗಳು ತಪ್ಪುವುವೆಂಬುದನ್ನು ಎಡ್ವರ್ಡ್ ಫ್ರೀಸ್ ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ ನಡೆಸಿ 1967 ಮತ್ತು 1970ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ನಿಸ್ಸಂದೇಹವಾಗಿ ಸ್ಥಾಪಿಸಿದುವು. ಆ ಪರೀಕ್ಷೆಗಳಲ್ಲಿ ಬಳಸಿದ ಗುಳಿಗೆಗಳಲ್ಲಿಯೂ ರೆಸರ್ಪೀನ್ ಸೇರಿದ್ದಿತು.

ಪದವಿಯ ಕಾಲಕ್ಕೆ ಓದಿದ ಪುಸ್ತಕವು ಹೀಗೆ ವೃತ್ತಿಯ ನಡುವಿನಲ್ಲಿಯೇ ಹಳತಾಗುವುದರಿಂದ, ಹಿಂದೆ ಸಮ್ಮೇಳನಗಳಲ್ಲಿ ನಡೆಯುತ್ತಿದ್ದ ವೈದ್ಯರ ಮರುವ್ಯಾಸಂಗವು ಇಂದು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಆನ್‌ಲೈನ್ ತರಗತಿಯಾಗಿ, ತಾಲೂಕು ಆಸ್ಪತ್ರೆಯ ವೈದ್ಯರಿಗೂ ರಾತ್ರಿಯ ಬಿಡುವಿನಲ್ಲಿ ಎಟುಕುವಂತಾಗಿದೆ. ಹೊಸ ಔಷಧಗಳ ವಿಚಾರಕ್ಕೆ ಮೊದಲೇ ಅಲ್ಲಿ ಬೋಧಿಸಬೇಕಾದುದು ಅಳತೆಯ ವಿಧಿಯನ್ನೇ: ರೋಗಿಯು ಬೆನ್ನಿಗೆ ಆಸರೆ ಪಡೆದು 5 ನಿಮಿಷ ಮೌನವಾಗಿ ಕುಳಿತಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಪಟ್ಟಿಯು ತೋಳಿನ ಸುತ್ತಳತೆಗೆ ತಕ್ಕುದಾಗಿರಬೇಕು. ಕಿರಿದಾದ ಪಟ್ಟಿಯು ಒತ್ತಡವನ್ನು ಇಲ್ಲದಷ್ಟು ಹೆಚ್ಚಾಗಿ ತೋರಿಸುವುದೆಂದು ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1901ರಲ್ಲಿಯೇ ಎಚ್ಚರಿಸಿ, ಅಗಲವಾದ ಪಟ್ಟಿಯನ್ನು ಸಿದ್ಧಪಡಿಸಿದ್ದನು.